ಟನ್ನಿಗೆ 130 ಕಿಲೋವ್ಯಾಟ್: ಪಿ-ಪ್ಲೇಟ್ ಚಾಲಕರ ‘ಪವರ್-ಟು-ವೇಟ್’ ಎಂದರೇನು?

ಆಸ್ಟ್ರೇಲಿಯಾದ ಸೆಕೆಂಡ್‌ಹ್ಯಾಂಡ್ ಕಾರುಗಳ ಜಾಹೀರಾತು ನೋಡುತ್ತ ಹೋದರೆ ‘ಪಿ-ಪ್ಲೇಟ್ ಲೀಗಲ್’ ಎಂಬ ಮಾತು ಪದೇಪದೇ ಕಣ್ಣಿಗೆ ಬೀಳುತ್ತದೆ. ಹೊಸದಾಗಿ ಲೈಸೆನ್ಸ್ ಸಿಕ್ಕವರೂ ಓಡಿಸಬಹುದಾದ ಕಾರು ಎಂದರ್ಥ. ಮಾರುವವರು ಹಾಗೆ ಬರೆದರೆ ಸಾಲದು, ಅದನ್ನು ತೀರ್ಮಾನಿಸುವುದು ಒಂದು ಭಾಗಾಕಾರ. ಎಂಜಿನ್ನಿನ ಗರಿಷ್ಠ ಪವರ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ, ಅದನ್ನು ಕಾರಿನ ತೂಕದಿಂದ, ಅಂದರೆ ಟನ್ ಲೆಕ್ಕದ ತೂಕದಿಂದ, ಭಾಗಿಸಬೇಕು. ಬರುವ ಉತ್ತರವೇ ಪವರ್-ಟು-ವೇಟ್. ಶಕ್ತಿ-ತೂಕದ ಅನುಪಾತ ಎಂದೂ ಹೇಳಬಹುದು, ಆದರೆ ಗ್ಯಾರೇಜಿನಲ್ಲಿ ನಿಂತು ಯಾರೂ ಹಾಗೆನ್ನುವುದಿಲ್ಲ. ಉತ್ತರ 130 ದಾಟಿದರೆ ನ್ಯೂ ಸೌತ್ ವೇಲ್ಸ್‌ನ ಪಿ-ಪ್ಲೇಟ್ ಚಾಲಕರು ಆ ಕಾರನ್ನು ಮುಟ್ಟುವಂತಿಲ್ಲ.

ಪಿ-ಪ್ಲೇಟ್ ಎಂದರೆ ಪ್ರೊವಿಷನಲ್ ಲೈಸೆನ್ಸ್ ಇರುವವರು ಕಾರಿನ ಹಿಂದೆ ಮುಂದೆ ಅಂಟಿಸಿಕೊಳ್ಳುವ ಫಲಕ. ಮೊದಲ ಹಂತ ಪಿ1ಕ್ಕೆ ಕೆಂಪು, ಎರಡನೆಯ ಹಂತ ಪಿ2ಕ್ಕೆ ಹಸಿರು. ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಂಪಿಗೆ ಕನಿಷ್ಠ 12 ತಿಂಗಳು, ಹಸಿರಿಗೆ ಕನಿಷ್ಠ 24 ತಿಂಗಳು. ಹಾಗಾಗಿ ಮೊದಲ ಕಾರು ಕೊಳ್ಳುವವರು ಈ ಭಾಗಾಕಾರದ ಜೊತೆ ಮೂರು ವರ್ಷವಾದರೂ ಬಾಳಬೇಕು. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ಸೌತ್ ಆಸ್ಟ್ರೇಲಿಯಾಗಳಲ್ಲೂ ಇದೇ 130ರ ಗೆರೆ ಇದೆ, ಯಾರಿಗೆ ಅನ್ವಯ, ಎಷ್ಟು ಕಾಲ ಎಂಬುದರಲ್ಲಿ ವ್ಯತ್ಯಾಸವಿದೆ. ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಇಂಥ ನಿಯಮವೇ ಇಲ್ಲ.

ಈ ಲೆಕ್ಕ ಬರುವ ಮೊದಲು ನ್ಯೂ ಸೌತ್ ವೇಲ್ಸ್‌ನಲ್ಲಿ ಇದ್ದದ್ದು ಎಂಜಿನ್ನಿನ ಜಾತಿ ನೋಡುವ ನಿಯಮ. ಎಂಟು ಸಿಲಿಂಡರ್ ಇದ್ದರೆ ನಿಷೇಧ, ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಅಥವಾ ಸೂಪರ್‌ಚಾರ್ಜರ್ (ಹೆಚ್ಚು ಗಾಳಿ ತುಂಬಿ ಪವರ್ ಏರಿಸುವ ಸಾಧನ) ಇದ್ದರೆ ನಿಷೇಧ. ಟರ್ಬೊ ಎಂದರೆ ರೇಸ್ ಕಾರು ಎನ್ನುವ ಕಾಲಕ್ಕೆ ಅದು ಒಪ್ಪುತ್ತಿತ್ತು. ಆಮೇಲೆ ತಯಾರಕರು ಪೆಟ್ರೋಲ್ ಉಳಿಸಲೆಂದು ಪುಟ್ಟ ಎಂಜಿನ್ನುಗಳಿಗೂ ಟರ್ಬೊ ಹಾಕತೊಡಗಿದರು. ಆಗ ಸಾಧು ಸ್ವಭಾವದ 1.4 ಲೀಟರ್ ಕಾರು ನಿಷೇಧದ ಬಲೆಗೆ ಬಿತ್ತು, 200 ಕಿಲೋವ್ಯಾಟ್ ದಾಟಿದ ಆರು ಸಿಲಿಂಡರಿನ ದೊಡ್ಡ ಸೆಡಾನ್ ಆರಾಮಾಗಿ ಪಾರಾಯಿತು. ಒಂದೊಂದೇ ಮಾಡೆಲ್ಲಿಗೆ ವಿನಾಯಿತಿ ಕೊಡುತ್ತ ಪಟ್ಟಿ ಬೆಳೆಯಿತು. ಕೊನೆಗೆ 2014ರಲ್ಲಿ ಸಿಲಿಂಡರ್ ಎಣಿಸುವುದನ್ನು ಬಿಟ್ಟು ಅನುಪಾತಕ್ಕೆ ಬಂದರು.

ವಿಕ್ಟೋರಿಯಾದಲ್ಲಿ ಹಳೆಯದು ಪೂರ್ತಿ ಹೋಗಲಿಲ್ಲ. 2010ರ ಜನವರಿ 1ರಿಂದ ಈಚೆಗೆ ತಯಾರಾದ ಕಾರಿಗೆ 130ರ ಲೆಕ್ಕ, ಅದಕ್ಕೂ ಮೊದಲಿನದಕ್ಕೆ ಹಳೆಯ ಎಂಜಿನ್ ಪದ್ಧತಿ. 1990ರ ದಶಕದ ಕೊನೆಯ ಐದು ಲೀಟರ್ ವಿ8 ಹೋಲ್ಡನ್ ಕಮೊಡೋರ್ ತೆಗೆದುಕೊಳ್ಳಿ: 179 ಕಿಲೋವ್ಯಾಟ್, ತೂಕ ಸುಮಾರು 1,600 ಕಿಲೋ, ಅನುಪಾತ 112ರ ಆಸುಪಾಸು. ನ್ಯೂ ಸೌತ್ ವೇಲ್ಸ್‌ನ ಲೆಕ್ಕದಲ್ಲಿ ಪಾಸು. ಗಡಿಯ ಮರ್ರಿ ನದಿ ದಾಟಿ ವಿಕ್ಟೋರಿಯಾಕ್ಕೆ ಹೋದರೆ ಅದು ಎಂಟು ಸಿಲಿಂಡರಿನ ಹಳೇ ಕಾರು, ಫೇಲು. ಮನೆ ಬದಲಿಸುವ ಅಂದಾಜಿದ್ದರೆ ಎರಡೂ ರಾಜ್ಯಗಳ ನಿಯಮ ನೋಡಿಯೇ ಕಾರು ಕೊಳ್ಳಬೇಕು.

ಲೆಕ್ಕದಲ್ಲಿ ಅತಿ ಹೆಚ್ಚು ಜನ ಎಡವುವುದು ಪವರ್‌ನಲ್ಲಲ್ಲ, ತೂಕದಲ್ಲಿ. ಬ್ರೋಷರಿನಲ್ಲಿ ಸಾಮಾನ್ಯವಾಗಿ ಕಾಣುವುದು ಕರ್ಬ್ ತೂಕ, ಅಂದರೆ ಟ್ಯಾಂಕ್ ತುಂಬಿದ ಕಾರಿನ ತೂಕ. ನಿಯಮ ಕೇಳುವುದು ಟೇರ್ ತೂಕ. ಎಂಜಿನ್ ಆಯಿಲ್, ಕೂಲಂಟ್ ಎಲ್ಲ ಪೂರ್ತಿ ಇದ್ದು, ಇಂಧನ ಮಾತ್ರ 10 ಲೀಟರ್ ಇರುವ ಖಾಲಿ ಕಾರಿನ ತೂಕ ಅದು. ಈ ವ್ಯತ್ಯಾಸ ಸಣ್ಣದೆನಿಸಿದರೂ ಹಗುರ ಕಾರಿನಲ್ಲಿ ತೀರ್ಪನ್ನೇ ತಿರುಗಿಸುತ್ತದೆ. 135 ಕಿಲೋವ್ಯಾಟ್‌ನ ಒಂದು ಪುಟ್ಟ ರೋಡ್‌ಸ್ಟರ್ ಇದೆ, ಕರ್ಬ್ ತೂಕ 1,060 ಕಿಲೋ, ಟ್ಯಾಂಕ್ 45 ಲೀಟರ್ ಎಂದುಕೊಳ್ಳಿ. 135ನ್ನು 1.060ರಿಂದ ಭಾಗಿಸಿದರೆ 127.4, ಖುಷಿ. ಈಗ ಟ್ಯಾಂಕಿನಿಂದ 35 ಲೀಟರ್ ತೆಗೆಯಿರಿ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ, ಅಲ್ಲಿಗೆ 26 ಕಿಲೋ ಇಳಿಯಿತು. ಉಳಿದದ್ದು 1,034. ಮತ್ತೆ ಭಾಗಿಸಿದರೆ 130.6. ಅದೇ ಕಾರು, ಈಗ ನಿಷಿದ್ಧ. 135 ಕಿಲೋವ್ಯಾಟ್‌ನ ಯಾವ ಕಾರೇ ಆಗಲಿ, ಗೆರೆಯೊಳಗೆ ಇರಬೇಕಾದರೆ ಅದರ ಟೇರ್ ತೂಕ 1,039 ಕಿಲೋಗಿಂತ ಕೆಳಗೆ ಇಳಿಯಬಾರದು. ಗೆರೆಯ ಅಂಚಿನಲ್ಲಿರುವ ಕಾರಿಗೆ ದಶಮಾಂಶವನ್ನು ಕತ್ತರಿಸಬೇಡಿ.

ಇದೇ ಕಾರಣಕ್ಕೆ ಒಂದೇ ಮಾಡೆಲ್ಲಿನಲ್ಲಿ ಆಟೋಮ್ಯಾಟಿಕ್ ಪಾಸಾಗಿ ಮ್ಯಾನ್ಯುಯಲ್ ಫೇಲಾಗಬಹುದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ, ಅನುಪಾತ ಇಳಿಯುತ್ತದೆ. ಡಿಕ್ಕಿಯಲ್ಲಿ ಮರಳಿನ ಮೂಟೆ ಹಾಕಿ ತೂಕ ಏರಿಸುವ ಉಪಾಯ ಹೊಳೆದಿದ್ದರೆ ಬಿಟ್ಟುಬಿಡಿ, ಟೇರ್ ತೂಕ ಎನ್ನುವುದೇ ಸಾಮಾನಿಲ್ಲದ ಕಾರಿನದು. ಇನ್ನು ಪವರ್ ಅಂಕಿ ಅಶ್ವಶಕ್ತಿಯಲ್ಲಿದ್ದರೆ ಯಾವ ಅಶ್ವಶಕ್ತಿ ಎಂದು ನೋಡಿ. ಜಪಾನ್, ಯುರೋಪಿನ ‘ಪಿಎಸ್’ ಒಂದಕ್ಕೆ 0.7355 ಕಿಲೋವ್ಯಾಟ್, ಬ್ರಿಟಿಷ್ ‘ಬಿಎಚ್‌ಪಿ’ ಒಂದಕ್ಕೆ 0.7457. ಆಮದಾದ ಹಳೆಯ ಕಾರುಗಳಲ್ಲಿ ಈ ಗೊಂದಲ ಸಾಮಾನ್ಯ.

ಕಾಸಿಗೆ ತಕ್ಕ ಸ್ಪೋರ್ಟ್ಸ್ ಕಾರುಗಳ ಮೇಲೆ ಈ ಗೆರೆ ಎಳೆದು ನೋಡಿದರೆ ಫಲಿತಾಂಶ ತಮಾಷೆಯಾಗಿದೆ. 2012ರಲ್ಲಿ ಬಂದ ಮೊದಲ ಟೊಯೋಟಾ 86ರ ಎರಡು ಲೀಟರ್ ಎಂಜಿನ್ 147 ಕಿಲೋವ್ಯಾಟ್, ಸುಮಾರು 1,250 ಕಿಲೋ ತೂಕಕ್ಕೆ 118ರ ಹತ್ತಿರ. ಅದರ ಉತ್ತರಾಧಿಕಾರಿ ಜಿಆರ್86ಕ್ಕೆ 2.4 ಲೀಟರ್, 174 ಕಿಲೋವ್ಯಾಟ್. ತೂಕ ಹೆಚ್ಚೇನೂ ಏರಲಿಲ್ಲ, ಅನುಪಾತ ಏರಿ 130 ದಾಟಿತು. ಹೊಸದು ಕೊಳ್ಳಲು ಅಪ್ಪ ಅಮ್ಮ ದುಡ್ಡು ಕೊಟ್ಟರೂ ಮಗ ಹಳೆಯದನ್ನೇ ಹುಡುಕಬೇಕು. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯ ಕತೆ ತಿರುಗುಮುರುಗು: ಎಂಟನೆಯ ತಲೆಮಾರಿನ ಮೊದಲ ಕಾರುಗಳು 180 ಕಿಲೋವ್ಯಾಟ್ ಇದ್ದರೂ 1,400 ಕಿಲೋ ಮೀರಿದ ಮೈಭಾರವೇ ಅವನ್ನು ಗೆರೆಯೊಳಗೆ ಉಳಿಸುತ್ತದೆ. 2020ರಲ್ಲಿ ಬಂದ ಮೊದಲ ಟೊಯೋಟಾ ಜಿಆರ್ ಯಾರಿಸ್ ನೋಡಲು ಪುಟಾಣಿ, ಆದರೆ 200 ಕಿಲೋವ್ಯಾಟ್‌ಗೆ 1,280 ಕಿಲೋ ಅಷ್ಟೇ. 156, ಮಾತೇ ಇಲ್ಲ. ಸುಜುಕಿ ಸ್ವಿಫ್ಟ್ ಸ್ಪೋರ್ಟ್ (103 ಕಿಲೋವ್ಯಾಟ್, ಸುಮಾರು 970 ಕಿಲೋ) ಮತ್ತು 1.5 ಲೀಟರಿನ ಮಜ್ದಾ ಎಂಎಕ್ಸ್-5 ನಿರಾತಂಕವಾಗಿ ಪಾಸಾಗುತ್ತವೆ. ಓಡಿಸುವ ಖುಷಿಗಾಗಿಯೇ ಕಾರು ಬೇಕೆನ್ನುವವರಿಗೆ ಇವೆರಡೇ ಸರಿಯಾದ ಆಯ್ಕೆ. ತೂಕ ಕಡಿಮೆಯಿದ್ದರೆ ಬ್ರೇಕ್ ಪ್ಯಾಡ್, ಟೈರ್ ಕೂಡ ಬೇಗ ಸವೆಯುವುದಿಲ್ಲ.

ಅನುಪಾತ ಅಳೆಯುವುದು ಕಾರು ಎಷ್ಟು ಚುರುಕಾಗಿ ವೇಗ ಏರಿಸಿಕೊಳ್ಳಬಲ್ಲದು ಎಂಬುದನ್ನು, ಅದೂ ಅಂದಾಜಿಗೆ. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಅದರ ಲೆಕ್ಕಕ್ಕೆ ಬರುವುದಿಲ್ಲ. ವಿದ್ಯುತ್ ಕಾರಿನ ಮೋಟರ್ ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುತ್ತದೆ, ಬ್ಯಾಟರಿಯ ತೂಕ ಭಾಜಕವನ್ನು ದೊಡ್ಡದು ಮಾಡುತ್ತದೆ. ಹಾಗಾಗಿ ಕಾಗದದ ಮೇಲೆ ಸೌಮ್ಯವಾಗಿ ಕಾಣುವ ಕಾರು ಸಿಗ್ನಲ್‌ನಿಂದ ಹೊರಡುವಾಗ ಬೆನ್ನನ್ನು ಸೀಟಿಗೆ ಒತ್ತಬಹುದು. ಹಿಡಿತದ ಬಗ್ಗೆಯೂ ಈ ಅಂಕಿ ಏನೂ ಹೇಳುವುದಿಲ್ಲ. ಮೊದಲ 86ರ ಹಲವು ಕಾರುಗಳು 17 ಇಂಚಿನ, 215 ಮಿಲಿಮೀಟರ್ ಅಗಲದ ಸಾಧಾರಣ ರಸ್ತೆ ಟೈರಿನಲ್ಲೇ ಬಂದವು, ಹಿಂದಿನ ಚಕ್ರ ಸುಲಭವಾಗಿ ಜಾರಿ ಆಟವಾಡಲಿ ಎಂಬ ಉದ್ದೇಶದಿಂದಲೇ. ಒಣ ಟ್ರ್ಯಾಕ್‌ನಲ್ಲಿ ಅದು ಮೋಜು. ಮಳೆ ಬಿದ್ದ ರೌಂಡ್‌ಎಬೌಟ್‌ನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಕಾರು ಹತೋಟಿ ತಪ್ಪಿ ಜಾರದಂತೆ ತಡೆಯುವ ವ್ಯವಸ್ಥೆ) ಬಟನ್ ಆಫ್ ಮಾಡಿಟ್ಟವರಿಗೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಈ ವ್ಯವಸ್ಥೆ ಎಲ್ಲ ಹೊಸ ಕಾರಿಗೂ ಕಡ್ಡಾಯವಾದದ್ದು 2013ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯದನ್ನು ಕೊಳ್ಳುವಾಗ ಇದೆಯೋ ಇಲ್ಲವೋ ಕೇಳಿಯೇ ಮುಂದುವರಿಯಿರಿ.

ಇದೇ ಮಾಪನವನ್ನು ಇಟಲಿಯೂ ಬಳಸುತ್ತದೆ, ಇನ್ನೂ ಬಿಗಿಯಾಗಿ: 2024ರ ಡಿಸೆಂಬರಿನಿಂದ ಹೊಸ ಚಾಲಕರಿಗೆ ಮೊದಲ ಮೂರು ವರ್ಷ ಟನ್ನಿಗೆ 75 ಕಿಲೋವ್ಯಾಟ್, ಒಟ್ಟು 105 ಕಿಲೋವ್ಯಾಟ್ ಮಿತಿ. ಸೌತ್ ಆಸ್ಟ್ರೇಲಿಯಾ ಅದೇ ತಿಂಗಳು ಟನ್ನಿಗೆ 276 ಕಿಲೋವ್ಯಾಟ್ ಮುಟ್ಟಿದ ಸೂಪರ್‌ಕಾರುಗಳಿಗೆಂದು ‘ಯು ಕ್ಲಾಸ್’ ಲೈಸೆನ್ಸ್ ತಂದಿತು. ಇದಕ್ಕೆ ವಯಸ್ಸಿನ ಭೇದವಿಲ್ಲ, ಐವತ್ತರವರೂ ಪಡೆಯಬೇಕು.

ಮುರಿದರೆ ಏನು? ನ್ಯೂ ಸೌತ್ ವೇಲ್ಸ್‌ನಲ್ಲಿ ದಂಡದ ಜೊತೆ 7 ಡಿಮೆರಿಟ್ ಪಾಯಿಂಟ್, ಅಂದರೆ ತಪ್ಪಿಗೆ ಲೈಸೆನ್ಸಿನ ಮೇಲೆ ಬೀಳುವ ಅಂಕ. ಕೆಂಪು ಪಿ-ಪ್ಲೇಟಿನವರ ಮಿತಿ 4, ಹಸಿರಿನವರದು 7. ಒಂದೇ ಸಲಕ್ಕೆ ಲೈಸೆನ್ಸ್ ಅಮಾನತಿನ ಹಾದಿ ಹಿಡಿಯುತ್ತದೆ. ಅಪಘಾತವೂ ಆದರೆ ವಿಮೆಯವರು ಕ್ಲೇಮ್ ನಿರಾಕರಿಸಬಹುದು, ಆ ಪೆಟ್ಟು ದಂಡಕ್ಕಿಂತ ದೊಡ್ಡದು. ಮನೆಯಲ್ಲಿರುವುದು ಅದೊಂದೇ ಕಾರು, ಕೆಲಸಕ್ಕೆ ಅದೇ ಬೇಕು ಎನ್ನುವಂಥ ಸಂದರ್ಭಗಳಿಗೆ ವಿನಾಯಿತಿಗಳಿವೆ. ಆದರೆ ಓಡಿಸುವ ಮೊದಲೇ ಪತ್ರ ಕೈಯಲ್ಲಿರಬೇಕು, ಕಾರಿನಲ್ಲಿ ಜೊತೆಗಿರಬೇಕು.

ಕೊಳ್ಳುವ ಮುನ್ನ ಆಯಾ ರಾಜ್ಯದ ಸಾರಿಗೆ ಇಲಾಖೆಯ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ. ಮಾಡೆಲ್ ಹೆಸರಷ್ಟೇ ಸಾಲದು, ತಯಾರಿಕೆಯ ವರ್ಷ, ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲ ತಾಳೆಯಾಗಬೇಕು. ಪಟ್ಟಿ ಹೇಳುವುದು ಕಾರ್ಖಾನೆಯಿಂದ ಹೊರಬಂದ ಕಾರಿನ ಬಗ್ಗೆ. ಎಂಜಿನ್ನಿನ ತಾಕತ್ತು ಏರಿಸಲು ಮಾರ್ಪಾಡು ಮಾಡಿದ್ದರೆ ಅನುಪಾತ 130ಕ್ಕಿಂತ ಕಡಿಮೆ ಇದ್ದರೂ ನಿಷೇಧಕ್ಕೆ ಒಳಗಾಗುತ್ತದೆ. ಹಿಂದಿನ ಮಾಲೀಕ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಟ್ಯೂನ್ ಮಾಡಿಸಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಬಾನೆಟ್ ಎತ್ತಿ ಕಂಪನಿಯದಲ್ಲದ ಏರ್ ಇನ್‌ಟೇಕ್, ಹೊಳೆಯುವ ಹೊಸ ಇಂಟರ್‌ಕೂಲರ್ ಪೈಪು, ಡ್ಯಾಶ್‌ಬೋರ್ಡಿನಲ್ಲಿ ಬೂಸ್ಟ್ ಗೇಜ್ (ಟರ್ಬೊ ಒತ್ತಡ ತೋರಿಸುವ ಮೀಟರ್) ಬಿಚ್ಚಿದ ಸ್ಕ್ರೂ ತೂತು ಇವೆಯೇ ನೋಡಿ. ಇದ್ದರೆ ಟ್ಯೂನ್ ಆಗಿದೆಯೇ ಎಂದು ನೇರವಾಗಿ ಕೇಳಿ, ಆಗಿಲ್ಲವೆಂದರೆ ಆ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ.