ಜೂನ್ ತಿಂಗಳಲ್ಲಿ ಯಾರು ಬರ್ತೀರಿ?

ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಯಾವುದಾದರೊಂದು ಕ್ರೈಸ್ತ ಸಭೆಯ ಯೌವನಸ್ಥರ ಕೂಟದಿಂದ ಫೋನ್ ಬರುತ್ತದೆ. "ಬ್ರದರ್, ನಮ್ಮ ಹುಡುಗರಿಗೆ ಸ್ಲಮ್ ಸೇವೆ ಬಗ್ಗೆ ತುಂಬಾ ಭಾರ ಇದೆ. ಡಿಸೆಂಬರ್‌ನಲ್ಲಿ ಒಂದು ಶನಿವಾರ ಕೊಡ್ತೀರಾ? ನಲವತ್ತು ಜನ ಇದ್ದೀವಿ, ಬಸ್ ನಾವೇ ಮಾಡ್ಕೋತೀವಿ."

ಬೆಂಗಳೂರಿನ ಸಭೆಗಳ ಯುವಜನರನ್ನು ನಗರ ಸೇವೆಗೆ ಹಚ್ಚುವ ಕೆಲಸದಲ್ಲಿ ನಾನು ಇಪ್ಪತ್ತು ವರ್ಷದಿಂದ ಇದ್ದೇನೆ. ಭಾರ, ಅಂದರೆ ಮನಸ್ಸಿನ ಕಳಕಳಿ, ಇರುವುದು ನಿಜ, ಅದನ್ನು ಅನುಮಾನಿಸುವುದಿಲ್ಲ. ಒಂದೇ ಶನಿವಾರಕ್ಕೆ ಇಳಿದುಹೋಗುವ ಭಾರ ಅದೆಂಥದ್ದು ಎಂಬುದಷ್ಟೇ ನನ್ನ ತಕರಾರು.

ವರ್ತೂರು ಕಡೆ ಅಪಾರ್ಟ್‌ಮೆಂಟುಗಳ ಹಿಂಬದಿಯಲ್ಲಿ ನಾವು ಹೋಗುವ ಒಂದು ಜಾಗ ಇದೆ. ತಗಡು, ನೀಲಿ ತಾಡಪಾಲಿನ ಶೆಡ್ಡುಗಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಮನೆಗೆಲಸಕ್ಕೆ. ಕೆಲವು ವರ್ಷದ ಹಿಂದೆ ಒಂದೇ ಡಿಸೆಂಬರ್‌ನಲ್ಲಿ ಅಲ್ಲಿಗೆ ಐದು ಗುಂಪು ಬಂದವು. ಐದು ಕೇಕು, ಐದು ಕಂತೆ ಕಂಬಳಿ, ಐದು ಗಿಟಾರು. ಐದೂ ಗುಂಪು ಅದೇ ಆಕ್ಷನ್ ಸಾಂಗ್ ಕಲಿಸಿದವು. ಕೊನೆಯ ಗುಂಪು ಬರುವಷ್ಟರಲ್ಲಿ ಕೈ ಯಾವಾಗ ಎತ್ತಬೇಕು ಅಂತ ಮಕ್ಕಳೇ ಅವರಿಗೆ ಹೇಳಿಕೊಡುತ್ತಿದ್ದರು.

ಮುಂದೆ ಏಪ್ರಿಲ್‌ನಲ್ಲಿ ನಾನೊಬ್ಬನೇ ಹೋದೆ. ಏಳೆಂಟು ವರ್ಷದ ಹುಡುಗಿ, ತಮ್ಮನನ್ನು ಸೊಂಟದ ಮೇಲೆ ಹೊತ್ತವಳು, ನನ್ನ ಬ್ಯಾಗಿನ ಜಿಪ್ ಎಳೆದು ಒಳಗೆ ಇಣುಕಿದಳು.

"ಕೇಕ್ ಇಲ್ಲೇನ್ರೀ?"

ಇಲ್ಲಮ್ಮ ಅಂದೆ.

"ಮತ್ಯಾಕ ಬಂದ್ರಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಆ ಮಗುವಿಗೆ ಕಲಿಸಿದವರು ನಾವೇ.

ಅವರಿಗೆ ಜನ ಬೇಕಾಗುವುದು ಜೂನ್‌ನಲ್ಲಿ. ಮಳೆ ಹಿಡಿದು ಕೆಲಸ ನಿಲ್ಲುತ್ತದೆ, ಶೆಡ್ಡಿನೊಳಗೆ ನೀರು ನಿಲ್ಲುತ್ತದೆ, ಶಾಲೆ ಶುರುವಾಗಿರುತ್ತದೆ. ಟಿಸಿ ಬರುವುದು ತಡವಾಯಿತೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಆದರೆ ಹೆಡ್‌ಮೇಡಂ ಮುಂದೆ ಹೋಗಿ ಅದನ್ನು ವಿನಯದಿಂದ ಹೇಳಿ, "ನಾಳೆ ಬನ್ನಿ" ಅಂದರೆ ನಾಳೆಯೂ ಹೋಗುವವರು ಬೇಕು. ಆ ತಾಯಿಗೆ ಎರಡು ದಿನ ರಜೆ ಹಾಕಿದರೆ ಮನೆಕೆಲಸ ಹೋಗುತ್ತದೆ. ಜೂನ್‌ನಲ್ಲಿ ನನಗೆ ಬಸ್ ಮಾಡಿಕೊಂಡು ಬರ್ತೀವಿ ಅಂತ ಯಾರ ಫೋನೂ ಬಂದಿಲ್ಲ.

ನಗರ ಸೇವೆ ಅಂದಕೂಡಲೇ ಎಲ್ಲರೂ ಬೈಬಲಿನಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಇರುವ ಯೆರೆಮೀಯ 29ರ ಏಳನೇ ವಚನ ಹೇಳುತ್ತಾರೆ, ಪಟ್ಟಣದ ಕ್ಷೇಮ ಬಯಸಿ ಅಂತ. ಹನ್ನೊಂದನೆಯದು ಕಾಫಿ ಮಗ್ಗಿನ ಮೇಲೂ ಇದೆ. ಐದನೆಯದನ್ನು ಓದಿದವರು ಕಡಿಮೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ. ತೆಂಗಿನ ಸಸಿ ನೆಟ್ಟು ಸಂಜೆ ಬಸ್ ಹತ್ತಿದವನು ಎಳನೀರು ಕುಡಿದದ್ದುಂಟೇ? ಹತ್ತನೆಯದಂತೂ ಎಪ್ಪತ್ತು ವರ್ಷ ಅನ್ನುತ್ತದೆ. ನಾನು ಎಪ್ಪತ್ತು ಕೇಳುತ್ತಿಲ್ಲ. ಒಂದು ವರ್ಷ, ವಾರಕ್ಕೊಂದು ಸಂಜೆ, ಅದೇ ದಿನ, ಅದೇ ಜಾಗ, ಅದೇ ಮುಖ. ಹುಡುಗರು ಇಷ್ಟಕ್ಕೂ "ಪ್ರಾರ್ಥನೆ ಮಾಡಿ ಹೇಳ್ತೀನಿ" ಅನ್ನುತ್ತಾರೆ. ಟ್ರಿಪ್ಪಿಗೆ ಹಾಗನ್ನುವುದಿಲ್ಲ.

ಅದೇ ಮುಖ ಅಂತ ಯಾಕೆ ಒತ್ತಿ ಹೇಳುತ್ತೇನೆಂದರೆ, ಇದೊಂದು ಮಾತ್ರ ಎಷ್ಟು ತರಬೇತಿ ಕೊಟ್ಟರೂ ತಲೆಗೆ ಹೋಗುವುದಿಲ್ಲ. ವಾರ ವಾರ ಬೇರೆ ಬೇರೆ ತಂಡ ಕಳಿಸಿದರೆ ಸಾಲದೇ ಬ್ರದರ್ ಅಂತ ಕೇಳುತ್ತಾರೆ. ಸಾಲದು. ಐವತ್ತೆರಡು ಜನ ಒಂದೊಂದು ಸಲ ಬಂದರೆ ಐವತ್ತೆರಡು ಅಪರಿಚಿತರು ಬಂದ ಹಾಗೆ. ನಿಮ್ಮ ಮನೆಗೆ ವಾರಕ್ಕೊಬ್ಬ ಹೊಸ ನೆಂಟ ಬಂದು ಕ್ಷೇಮ ಸಮಾಚಾರ ಕೇಳಿದರೆ ನೀವು ಯಾರ ಹತ್ತಿರ ಸಾಲದ ವಿಷಯ ತೆಗೆಯುತ್ತೀರಿ?

ಕೆಜಿಎಫ್ ಕಡೆಯ ಒಬ್ಬ ಹುಡುಗ ಇದ್ದಾನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಮನೆಯಲ್ಲಿ ತಮಿಳು, ಕನ್ನಡ ಅಷ್ಟಕ್ಕಷ್ಟೆ. ಹಾಡಲು ಬಾರದು, ಬೋಧಿಸಲು ಮೊದಲೇ ಬಾರದು. ಗುರುವಾರ ಗುರುವಾರ ಹೋಗಿ ಚಾಪೆ ಮೇಲೆ ಕೂರುತ್ತಿದ್ದ. "ಅಣ್ಣಾ, ಇವತ್ತೂ ಏನೂ ಆಗ್ಲಿಲ್ಲ" ಅಂತ ಆರು ವಾರ ಮೆಸೇಜ್ ಹಾಕಿದ. ಏಳನೇ ವಾರ ವಯಸ್ಸಾದ ಗಾರೆಯವರೊಬ್ಬರು ತಗಡಿನ ಸಂದಿಯಿಂದ ಹಾಲಿನ ಕವರು ತೆಗೆದು, ಅದರೊಳಗೆ ನಾಲ್ಕು ಮಡಿಕೆ ಮಾಡಿಟ್ಟಿದ್ದ ಕಾಗದವನ್ನು ಇವನ ಕೈಗಿಟ್ಟರು. ಲೇಬರ್ ಕಾರ್ಡಿನ ಅರ್ಜಿ. ಕಟ್ಟಡ ಕಾರ್ಮಿಕರಾಗಿ ನೋಂದಾಯಿಸಲು ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಅವರಿಗೆ ಐವತ್ತೆಂಟು. ಮೇಸ್ತ್ರಿ ಸಹಿ ಹಾಕುತ್ತಿರಲಿಲ್ಲ.

ಹುಡುಗ ಮೇಸ್ತ್ರಿ ಹತ್ತಿರ ನಾಲ್ಕು ಗುರುವಾರ ಹೋದ. ಜಗಳವಿಲ್ಲ, ವಾದವಿಲ್ಲ, ಚಹಾ ಕುಡಿದು ಬಂದ. ಐದನೇ ಸಲ ಮೇಸ್ತ್ರಿಯೇ, "ನೀ ಬಿಡೋ ಮನಷ್ಯಾ ಅಲ್ಲಪ, ತಾ ಪೆನ್ನು" ಅಂದನಂತೆ.

ಆ ಹಿರಿಯರು ಸಭೆಗೆ ಬಂದರಾ ಅಂತ ನಮ್ಮ ಕಮಿಟಿಯವರು ಕೇಳುತ್ತಾರೆ, ವರದಿಗೆ ಬೇಕು. ಬಂದಿಲ್ಲ. ಅವರ ಶೆಡ್ಡಿನಲ್ಲಿ ಯಲ್ಲಮ್ಮನ ಫೋಟೊ ಇದ್ದಲ್ಲೇ ಇದೆ, ಅದರ ಕೆಳಗೆ ಕೂತು ಇವನು ಈಗಲೂ ಚಹಾ ಕುಡಿಯುತ್ತಾನೆ. ನೀನು ಯಾಕೆ ಬರ್ತಿ ಅಂತ ಅವರು ಕೇಳಿದ ದಿನ ತನ್ನ ಯೇಸುವಿನ ವಿಷಯ ಹೇಳಿದನಂತೆ, ಎರಡು ನಿಮಿಷ, ಮುರುಕು ಕನ್ನಡದಲ್ಲಿ. ನನ್ನ ಮಟ್ಟಿಗೆ ಅದು ಸಾಕ್ಷಿ. ಬೇರೆಯವರು ಒಪ್ಪದಿರಬಹುದು.

ಕನ್ನಡ ಬಾರದು ಅಂತ ಹಿಂಜರಿಯುವವರಿಗೆ ಕಿಟ್ಟೆಲ್ ಲೆಕ್ಕ ಹೇಳುತ್ತೇನೆ. ಬಾಸೆಲ್ ಮಿಷನ್ನಿನಿಂದ ಬಂದದ್ದು 1853ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ಜರ್ಮನಿಗೆ ಹೋಗಿ ಬಂದರು, ಕೆಲಸ ಬಿಡಲಿಲ್ಲ. ನಿಮಗೆ "ಬರ್ಲಕತ್ತೀನಿ" ಅಂದರೆ ಬರುತ್ತಿದ್ದೇನೆ ಅಂತ ತಿಳಿಯಲು ನಲವತ್ತೊಂದು ವರ್ಷ ಬೇಕಾಗುವುದಿಲ್ಲ.

ಎರಡು ಎಚ್ಚರಿಕೆಯ ಮಾತು. ಮಕ್ಕಳ ಜೊತೆ ಒಬ್ಬರೇ ಇರಬೇಡಿ, ಅವರ ಫೋಟೊ ಸ್ಟೇಟಸ್‌ಗೆ ಹಾಕಬೇಡಿ. ಇನ್ನು 2022ರ ಮತಾಂತರ ಕಾಯ್ದೆ ಬಗ್ಗೆ ಕೇಳುತ್ತೀರಿ. ಅದಕ್ಕೆ ನಿಮ್ಮ ಸಭೆಗೆ ಗೊತ್ತಿರುವ ವಕೀಲರನ್ನು ಕಾಣಿ, ನಾನು ವಕೀಲನಲ್ಲ. ಕಂಬಳಿ ಒಂದು ಕೈಯಲ್ಲಿ, ಪ್ರಾರ್ಥನೆಗೆ ಕರೆ ಇನ್ನೊಂದು ಕೈಯಲ್ಲಿ ಹಿಡಿದು ಹೋಗುವುದು ಮಾತ್ರ ಆ ಕಾಯ್ದೆ ಬರುವ ಮೊದಲೂ ತಪ್ಪೇ ಆಗಿತ್ತು.

ಈಗ ಮಂಗಳವಾರ ಸಂಜೆ ಆರೂವರೆಯ ಜಾಗ ಖಾಲಿ ಇದೆ. ಬರುತ್ತಿದ್ದ ತಂಗಿಗೆ ಮದುವೆಯಾಗಿ ಹಾಸನಕ್ಕೆ ಹೋದಳು. ಇಬ್ಬರು ಸಾಕು. ಗಿಟಾರ್ ತರುವುದಾದರೆ ತನ್ನಿ, ತಂತಿ ಹರಿದರೆ ಮಕ್ಕಳನ್ನು ಬೈಯಬೇಡಿ.