ನಮ್ಮ ಬೀದಿಯ ಪಾಡ್‌ಕಾಸ್ಟ್ ಯಾರು ಕೇಳ್ತಾರೆ?

ಓದುಗರ ಪ್ರಶ್ನೆ: ನಾವು ಉಡುಪಿಯ ಅಜ್ಜರಕಾಡಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ಆರೇಳು ಮಂದಿ. ಊಟ, ಆರೋಗ್ಯ, ನಮ್ಮ ಬೀದಿಯ ಸಂಗತಿ ಅಂತ ಒಂದು ಪಾಡ್‌ಕಾಸ್ಟ್ ಶುರು ಮಾಡುವ ಆಸೆ ಇದೆ. ಕೈಯಲ್ಲಿ ಫೋನ್ ಬಿಟ್ಟರೆ ಬೇರೆ ಎಂತದೂ ಇಲ್ಲ. ಅಷ್ಟರಲ್ಲಿ ಆಗ್ತದಾ? ಮಾಡಿದರೂ ಅದನ್ನು ಯಾರು ಕೇಳ್ತಾರೆ?

ಆಗುತ್ತದೆ. ಪಾಡ್‌ಕಾಸ್ಟ್ ಅಂದರೆ ಮಾತನ್ನು ರೆಕಾರ್ಡ್ ಮಾಡಿ, ಬೇಕಾದಾಗ ಕೇಳುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕುವುದು. ಅದಕ್ಕೆ ಫೋನ್ ಒಂದು ಸಾಕು. ಈ ಪ್ರಶ್ನೆ ಮಂಗಳೂರಿನಿಂದಲೂ ಉಡುಪಿಯಿಂದಲೂ ಆಗಾಗ ಬರುತ್ತದೆ. ಹೆಚ್ಚಿನವರು ಮೈಕಿನ ಬಗ್ಗೆ ಕೇಳುತ್ತಾರೆ. ನೀವು ಕೇಳುವವರ ಬಗ್ಗೆ ಕೇಳಿದ್ದೀರಿ. ಅದೇ ಸರಿಯಾದ ಪ್ರಶ್ನೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಪಾಡ್‌ಕಾಸ್ಟ್ ಕೇಳುವವರು ನಿಮ್ಮ ಬೀದಿಯವರು. ಕಣ್ಣು ಮಂಜಾಗಿ ಪೇಪರ್ ಓದಲು ಆಗದ ಹಿರಿಯರು. ಹೂ ಕಟ್ಟುತ್ತಾ, ಮೀನು ಕೊಯ್ಯುತ್ತಾ, ಕೈಗೆ ಕೆಲಸ ಇದ್ದು ಕಿವಿ ಖಾಲಿ ಇರುವವರು. ಮುಂಬೈಯಲ್ಲೋ ದುಬೈಯಲ್ಲೋ ಇದ್ದು ಊರಿನ ಮಾತು ಕಿವಿಗೆ ಬಿದ್ದರೆ ಸಾಕು ಅನ್ನುವ ಮಕ್ಕಳು. ಎಲ್ಲ ಸೇರಿ ಐವತ್ತು ಮಂದಿ ಆಗಬಹುದು. ಐವತ್ತು ಕಡಿಮೆಯಾ? ದೇವಸ್ಥಾನದ ಊಟಕ್ಕೆ ಎರಡು ಸಾಲು ತುಂಬ ಕೂತ ಜನ ಅದು. ಅಷ್ಟು ಮಂದಿ ಇಪ್ಪತ್ತು ನಿಮಿಷ ನಿಮ್ಮ ಮಾತು ಕೇಳುತ್ತಾರೆ ಅಂದರೆ ಅದು ದೊಡ್ಡ ವಿಷಯ.

ನಮ್ಮ ಕಡೆಯವರಿಗೆ ಕಿವಿಗೊಟ್ಟು ಕೇಳುವ ರೂಢಿ ಹೊಸತಲ್ಲ. ಮಂಗಳೂರು ಆಕಾಶವಾಣಿ 1976ರಿಂದ ಇದೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ ಎಫ್‌ಎಂ 107.8ರಲ್ಲಿ, ಮಣಿಪಾಲದ ರೇಡಿಯೊ ಮಣಿಪಾಲ್ 90.4ರಲ್ಲಿ ಊರಿನವರದ್ದೇ ದನಿ ಕೇಳುತ್ತದೆ. ಈ ಎರಡೂ ಸಮುದಾಯ ಬಾನುಲಿಗಳು, ಅಂದರೆ ಊರಿನವರ ಸಣ್ಣ ರೇಡಿಯೊ ಕೇಂದ್ರಗಳು. ಅದಕ್ಕೆ ಕೇಂದ್ರ ಸರ್ಕಾರದ ಪರವಾನಗಿ ಬೇಕು, ಟವರ್ ಬೇಕು, ಸಂಸ್ಥೆಯೊಂದು ಹಿಂದೆ ನಿಲ್ಲಬೇಕು. ಪಾಡ್‌ಕಾಸ್ಟ್‌ಗೆ ಆ ಪರವಾನಗಿ ಬೇಡ. ಕೇಳುವವರು ತಮಗೆ ಪುರುಸೊತ್ತಾದಾಗ ಕೇಳುತ್ತಾರೆ, ಅರ್ಧಕ್ಕೆ ನಿಲ್ಲಿಸಿ ಒಲೆ ಆರಿಸಿ ಬಂದು ಮತ್ತೆ ಕೇಳುತ್ತಾರೆ. ವ್ಯತ್ಯಾಸ ಅಷ್ಟೇ.

ಈಗ ವಿಷಯ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ಸಣ್ಣದು ಹಿಡಿಯಿರಿ. 'ಆರೋಗ್ಯಕರ ಆಹಾರ' ಅಂತ ಮಾಡಬೇಡಿ. ಅದನ್ನು ಬೆಂಗಳೂರಿನವರೂ ಮಾಡುತ್ತಾರೆ, ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುವಾಗ ನಿಮ್ಮ ಬೀದಿಯವರ ಬಟ್ಟಲಿನಲ್ಲಿ ಎಂತ ಇರುತ್ತದೆ? ನಾಡದೋಣಿಯ ಮೀನಾ, ಒಣ ಮೀನಾ, ಬರೀ ಹಪ್ಪಳ ಗಂಜಿಯಾ? ಇದನ್ನು ನಿಮ್ಮ ಬೀದಿಯವರಲ್ಲದೆ ಬೇರೆ ಯಾರೂ ಹೇಳಲಾರರು. ಒಣ ಮೀನಿನ ಮಾತು ಬಂದಾಗ ಉಪ್ಪಿನ ಮಾತೂ ತಾನಾಗಿ ಬರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಒಣ ಮೀನು, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ಊಟಕ್ಕೆ ಬಂದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರೇ ಯೋಚಿಸುತ್ತಾರೆ. ನೀವು ಉಪದೇಶ ಮಾಡುವುದೇ ಬೇಡ.

ನನ್ನ ಮೊದಲ ರೆಕಾರ್ಡಿಂಗ್ ಪತ್ರೊಡೆಯದ್ದು. ಜುಲೈ ತಿಂಗಳು, ದೊಡ್ಡಮ್ಮನ ಅಡುಗೆಮನೆ. ಅವರು ಕೆಸುವಿನ ಎಲೆಯ ಹಿಂಬದಿ ಮೇಲೆ ಮಾಡಿ ಹರಡಿ, ದಪ್ಪ ನಾರನ್ನು ಚೂರಿಯಿಂದ ಹೆರೆದು ತೆಗೆಯುತ್ತಿದ್ದರು. ಹಿಟ್ಟು ಸವರುವುದು, ಮೇಲೊಂದು ಎಲೆ, ಮತ್ತೆ ಹಿಟ್ಟು, ಕೊನೆಗೆ ಸುರುಳಿ ಸುತ್ತಿ ಹಬೆಗೆ. ನಾನು ಕೇಳಿದೆ, "ಹುಳಿ ಎಷ್ಟು ದೊಡ್ಡಮ್ಮ?" "ಒಂದು ದೊಡ್ಡ ಲಿಂಬೆಯಷ್ಟು." "ಕಡಿಮೆ ಆದರೆ?" "ಬಾಯಿ ತುರಿಸ್ತದೆ. ಮತ್ತೆ ನನ್ನನ್ನು ಬೈಬೇಡ." ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ನಾಲಿಗೆಗೆ, ಗಂಟಲಿಗೆ ಅವು ಚುಚ್ಚುವುದರಿಂದಲೇ ತುರಿಕೆ. ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಆ ತುರಿಕೆ ಕಡಿಮೆಯಾಗುತ್ತದೆ. ದೊಡ್ಡಮ್ಮನ ಲಿಂಬೆ ಗಾತ್ರದ ಅಳತೆ, ಅದರ ಹಿಂದಿನ ಕಾರಣ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಸಂಚಿಕೆ ಆಯಿತು.

ಆದರೆ ಆ ರೆಕಾರ್ಡಿಂಗ್ ಹಾಳಾಯಿತು. ಶೀಟಿನ ಮಾಡಿನ ಮೇಲೆ ಮಳೆ, ಒಳಗೆ ಫ್ರಿಜ್ಜಿನ ಗುಂಯ್ ಶಬ್ದ. ಫೋನನ್ನು ಅಡುಗೆ ಕಟ್ಟೆಯ ಕಲ್ಲಿನ ಮೇಲೆ ಇಟ್ಟಿದ್ದೆ, ಪಾತ್ರೆ ಇಟ್ಟಾಗಲೆಲ್ಲ ಬಾಂಬ್ ಸಿಡಿದ ಹಾಗೆ ಕೇಳುತ್ತಿತ್ತು. ಎರಡನೇ ಸಲ ಹೋದಾಗ ಫೋನಿನ ಅಡಿಗೆ ಬೈರಾಸು ಮಡಚಿ ಇಟ್ಟೆ. ದೊಡ್ಡಮ್ಮನ ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ. ಹಾಗೆ ಇಟ್ಟರೆ ಉಸಿರು ಮೈಕಿಗೆ ಹೊಡೆಯುವುದಿಲ್ಲ. ಫ್ಯಾನ್ ಆಫ್, ಫೋನ್ ಫ್ಲೈಟ್ ಮೋಡ್. ಮಾತು ಶುರು ಮಾಡುವ ಮೊದಲು ಹತ್ತು ಸೆಕೆಂಡ್ ಯಾರೂ ಮಾತಾಡದೆ ಕೂತೆವು. ಈ ಹತ್ತು ಸೆಕೆಂಡ್ ತುಂಬ ಮುಖ್ಯ. ಯಾರದ್ದಾದರೂ ಕಂಪ್ಯೂಟರ್ ಸಿಕ್ಕಿದರೆ, ಅದರಲ್ಲಿ ಅಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ಗೆ ಕೋಣೆಯ ಬರೀ ಸದ್ದು ಯಾವುದು ಅಂತ ತೋರಿಸಿಕೊಟ್ಟರೆ ಉಳಿದ ಕಡೆಯೆಲ್ಲ ಅದನ್ನು ತಗ್ಗಿಸುತ್ತದೆ. ಮಿಕ್ಸಿಯ ಸದ್ದು, ಎಲೆ ಹೆರೆಯುವ ಸದ್ದು ಹಾಗೇ ಇರಲಿ. ಕೇಳುವವರಿಗೆ ಅಡುಗೆಮನೆ ಕಣ್ಣಿಗೆ ಕಟ್ಟುವುದು ಅದರಿಂದಲೇ.

ಸ್ಟುಡಿಯೊ ಬೇಕಾದರೆ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂತುಕೊಳ್ಳಿ. ಬಟ್ಟೆ ಗುಂಗುಟ್ಟುವುದನ್ನು ಹೀರುತ್ತದೆ.

ಆರೋಗ್ಯದ ಮಾತಿಗೆ ಬಂದರೆ ನನಗೆ ಸ್ವಲ್ಪ ಭಯವೇ. ಪಾಲೆ ಕಷಾಯವನ್ನೇ ನೋಡಿ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಪಾಲೆ ಮರದ ತೊಗಟೆ ತರುತ್ತಾರೆ. ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಖಾಲಿ ಹೊಟ್ಟೆಗೆ ಕಷಾಯ, ಆಮೇಲೆ ತಂಪಿಗೆ ಮೆಂತೆ ಗಂಜಿ. ಇದು ಕೇಳಲು ಎಷ್ಟು ಚಂದದ ಸಂಚಿಕೆ, ಅಲ್ವಾ? ಆದರೆ ಕತ್ತಲೆಯಲ್ಲಿ ಮರ ತಪ್ಪಿದರೆ? ಕಾಸರಕದ ಮರವೂ ನಮ್ಮ ಕಾಡುಗುಡ್ಡಗಳಲ್ಲೇ ಇದೆ. ಅದರ ತೊಗಟೆಯಲ್ಲೂ ಬೀಜದಲ್ಲೂ ಸ್ಟ್ರಿಕ್ನಿನ್ ಎಂಬ ವಿಷ ಇದೆ, ಜೀವಕ್ಕೇ ಅಪಾಯ. ಕಷಾಯದ ಕಥೆ ಹೇಳಿ ಈ ಮಾತು ಹೇಳದೆ ಬಿಟ್ಟರೆ ಪಾಡ್‌ಕಾಸ್ಟ್ ಮಾಡಿದವರದ್ದು ದೊಡ್ಡ ತಪ್ಪು. ಮರ ಗೊತ್ತಿರುವ ಹಿರಿಯರೊಬ್ಬರು ಹಿಂದಿನ ದಿನ ಹಗಲಲ್ಲೇ ಗುರುತು ಹಾಕಿರಬೇಕು, ಸಂಶಯ ಬಂದರೆ ಕುಡಿಯುವುದೇ ಬೇಡ ಅಂತ ಅದೇ ಸಂಚಿಕೆಯಲ್ಲಿ, ನಡುವೆಯೇ, ಗಟ್ಟಿಯಾಗಿ ಹೇಳಬೇಕು. ಕೊನೆಯಲ್ಲಿ ಹೇಳಿದರೆ ಅರ್ಧ ಮಂದಿ ಅಷ್ಟರಲ್ಲಿ ನಿಲ್ಲಿಸಿರುತ್ತಾರೆ.

ನಾನು ಪಾಲಿಸುವ ಕ್ರಮ ಇಷ್ಟು. ರೂಢಿಯನ್ನು ರೂಢಿ ಅಂತಲೇ ಹೇಳುತ್ತೇನೆ, ಔಷಧಿ ಅಂತ ಹೇಳುವುದಿಲ್ಲ. ಮಾತ್ರೆ, ಅಳತೆ, ಯಾವುದನ್ನು ನಿಲ್ಲಿಸಬೇಕು ಎಂಬ ಮಾತು ಬಂದರೆ ಡಾಕ್ಟರ್ ಬಾಯಿಂದಲೇ ಬರಬೇಕು, ಅದೂ ಎಲ್ಲರಿಗೂ ಅನ್ವಯಿಸುವಷ್ಟು ಮಾತ್ರ. "ಇದು ಕುಡಿದು ನನ್ನ ಶುಗರ್ ಹೋಯಿತು" ಅಂತ ಯಾರಾದರೂ ಹೇಳಿದರೆ ಆ ಭಾಗ ಕತ್ತರಿಸುತ್ತೇನೆ, ಹೇಳಿದವರು ಎಷ್ಟೇ ಆಪ್ತರಾಗಿರಲಿ. ಪ್ರತಿ ಆರೋಗ್ಯ ಸಂಚಿಕೆಯಲ್ಲೂ ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104 ಅಂತ ಹೇಳುತ್ತೇನೆ.

ಬೀದಿಯ ಪಾಡ್‌ಕಾಸ್ಟ್‌ಗೆ ಹೇಳಿ ಮಾಡಿಸಿದ ಆರೋಗ್ಯದ ವಿಷಯ ಅಂದರೆ ಡೆಂಗಿ. ಅದನ್ನು ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸುಮಾರು 7ರಿಂದ 10 ದಿನ. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸೊಳ್ಳೆ ಹುಟ್ಟುವುದೇ ಇಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಹಿತ್ತಿಲಿನಲ್ಲಿ ನೀರು ನಿಲ್ಲುವುದು ಎಲ್ಲಿ? ಬಿದ್ದ ಅಡಿಕೆ ಹಾಳೆಯಲ್ಲಿ, ತೆಂಗಿನ ಗೆರಟೆಯಲ್ಲಿ, ಕಟ್ಟುತ್ತಿರುವ ಮನೆಯ ಸ್ಲ್ಯಾಬ್ ಮೇಲೆ. ಫೋನ್ ಹಿಡಿದು ಒಂದು ಹಿತ್ತಿಲು ಸುತ್ತಿ, ಸಿಕ್ಕಿದ್ದನ್ನೆಲ್ಲ ಅಲ್ಲೇ ಹೇಳುತ್ತಾ, ಚೆಲ್ಲುತ್ತಾ ಹೋಗಿ. ಐದು ನಿಮಿಷ ಸಾಕು. ಶನಿವಾರ ಹಾಕಿದರೆ ಭಾನುವಾರ ಬೀದಿಯವರು ತಮ್ಮ ಹಿತ್ತಿಲು ನೋಡುತ್ತಾರೆ.

ವ್ಯಾಯಾಮಕ್ಕೆ ನೀವೇ ಇದ್ದೀರಲ್ಲ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಬೇಕು ಅನ್ನುತ್ತಾರೆ. ಚುರುಕು ಅಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಡೆಯುತ್ತಲೇ ರೆಕಾರ್ಡ್ ಮಾಡಿ. ನಿಮ್ಮ ಏದುಸಿರೇ ಅದನ್ನು ವಿವರಿಸುತ್ತದೆ.

ಯಾವ ಭಾಷೆ? ಮನೆಯಲ್ಲಿ ಆಡುವ ಭಾಷೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಯಾವುದಾದರೂ ಸರಿ. ನಡೆಸಿಕೊಡುವವರು ಕನ್ನಡದಲ್ಲಿ ಮಾತಾಡಿ, ಬಂದವರು ತುಳುವಿನಲ್ಲಿ ಉತ್ತರಿಸಿದರೆ ಹಾಗೇ ಬಿಡಿ. ನಮ್ಮ ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ ದಿನಾ ಹಾಗೇ ಅಲ್ವಾ ನಡೆಯುವುದು?

ಒಂದು ನೋವಿನ ವಿಷಯ ಹೇಳಲೇಬೇಕು. ಒಮ್ಮೆ ನೆರೆಮನೆಯ ಹಿರಿಯರೊಬ್ಬರು ಮಾತಿನ ಭರದಲ್ಲಿ ತಮ್ಮ ಸೊಸೆಯ ಕಾಯಿಲೆಯ ಬಗ್ಗೆ ಎರಡು ಮಾತು ಆಡಿದರು. ನಾನು ಗಮನಿಸದೆ ಹಾಗೇ ಹಾಕಿದೆ. ಸಂಜೆಯೊಳಗೆ ಅದು ಐದಾರು ವಾಟ್ಸ್ಆ್ಯಪ್ ಗುಂಪು ದಾಟಿತ್ತು. ನನ್ನ ಕಡೆಯಿಂದ ತೆಗೆದೆ, ಆದರೆ ಬೇರೆಯವರ ಫೋನಿನಿಂದ ಹೇಗೆ ತೆಗೆಯುವುದು? ಮನೆಗೆ ಹೋಗಿ ಸೊಸೆಯ ಹತ್ತಿರ ಕ್ಷಮೆ ಕೇಳಿದೆ. ಆ ದಿನದಿಂದ, ಮಾತಾಡಿದವರಿಗೆ ಪೂರ್ತಿ ಕೇಳಿಸಿ, ಅವರು ಆಯಿತು ಅಂದ ಮೇಲೆ ಒಂದು ರಾತ್ರಿ ಕಳೆದೇ ಹಾಕುತ್ತೇನೆ. ಬೀದಿಯ ಪಾಡ್‌ಕಾಸ್ಟ್‌ನಲ್ಲಿ ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನು ಮರೆಯಬೇಡಿ.

ಹಾಕುವುದು ಎಲ್ಲಿ ಎಂಬುದು ಸುಲಭ. ಮೋನೊದಲ್ಲಿ, ಅಂದರೆ ಎಡ-ಬಲ ಬೇರೆ ಮಾಡದೆ, ಸೆಕೆಂಡಿಗೆ ಎಷ್ಟು ಮಾಹಿತಿ ಎಂಬ ಅಳತೆಯಲ್ಲಿ 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ 20 ನಿಮಿಷದ ಮಾತು 10 ಎಂಬಿಯೊಳಗೆ ಮುಗಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಲೀಸಾಗಿ ಹೋಗುತ್ತದೆ. ದೂರದವರಿಗಾಗಿ ಸ್ಪಾಟಿಫೈನಲ್ಲೋ ಯೂಟ್ಯೂಬ್‌ನಲ್ಲೋ ಉಚಿತವಾಗಿ ಹಾಕಬಹುದು. ಮೂಲ ಫೈಲ್ ಮಾತ್ರ ನಿಮ್ಮ ಹತ್ತಿರ, ಎರಡು ಕಡೆ ಇರಲಿ. ಗೂಗಲ್‌ನ ಪಾಡ್‌ಕಾಸ್ಟ್ ಆ್ಯಪ್ 2024ರಲ್ಲಿ ಮುಚ್ಚಿಹೋಯಿತು. ಆ್ಯಪ್‌ಗಳು ಬರುತ್ತವೆ, ಹೋಗುತ್ತವೆ. ದೊಡ್ಡಮ್ಮನ ದನಿ ಮತ್ತೆ ಸಿಗುವುದಿಲ್ಲ.

ಶುರುವಿಗೆ ಸಿನಿಮಾ ಹಾಡು ಹಾಕಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮೇಲೆ 60 ವರ್ಷ ಇರುತ್ತದೆ. ನಿಮ್ಮ ಊರಿನ ಯಕ್ಷಗಾನದ ಹಿಮ್ಮೇಳದವರನ್ನು ಕೇಳಿ ಹತ್ತು ಸೆಕೆಂಡ್ ಚೆಂಡೆ ಬಾರಿಸಿಕೊಳ್ಳಿ. ಅಷ್ಟು ಸಾಕು.

ಈ ಭಾನುವಾರವೇ ಮಾಡಿ ನೋಡಿ. ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂತಾಗ ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: "ನಿನ್ನೆ ರಾತ್ರಿ ಎಂತ ಊಟ, ಮಾಡಿದ್ದು ಯಾರು?" ಆರೇಳು ಉತ್ತರ ಸಿಗುತ್ತದೆ. ಆಮೇಲೆ ಫೋನ್ ಹಿಡಿದು, ಅಡುಗೆ ಮಾಡಿದವರ ಮನೆಗೆ ಹೋಗಿ.