ಅಜ್ಜನ ಕಾಲದ ಬೀಟೆ ಮೇಜಿನ ಬಿಳಿ ಚಿತ್ತಾರ ದಂತದ್ದೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದ ಮನೆಯಲ್ಲಿ ಹಳೇ ಬೀಟೆ ಮೇಜು ಇದೆ. ಮೇಲೆ ಬಿಳಿ ಬಳ್ಳಿ, ಆನೆಗಳನ್ನು ಕೂರಿಸಿದ್ದಾರೆ. ಮೈಸೂರಿನ ದಂತದ ಕೆಲಸ ಅಂತಾರೆ. ನಿಜವಾ? ಪಾಲಿಶ್ ಮಾಡಿಸಿ ಮಾರಬಹುದಾ?

ಉತ್ತರ: ಮೊದಲು ಪಾಲಿಶ್ ನಿಲ್ಲಿಸಿ. ಈ ಕೆಲಸದಲ್ಲಿ ಚಿತ್ರವನ್ನು ಸಣ್ಣ ಗರಗಸದಿಂದ ಕತ್ತರಿಸುತ್ತಾರೆ. ಬೀಟೆಯಲ್ಲಿ ಅದೇ ಆಕಾರದ ಗುಳಿ ತೋಡಿ ಅಂಟಿಸುತ್ತಾರೆ. ಆಮೇಲೆ ಆನೆಯ ಕಣ್ಣು, ಕಿವಿಯ ಮಡಿಕೆ ಎಲ್ಲವನ್ನೂ ಉಳಿಯ ತುದಿಯಿಂದ ಗೀರಿ, ಗೀರಿಗೆ ಕಪ್ಪು ತುಂಬುತ್ತಾರೆ. ಆ ಗೀರು ತುಂಬಾ ತೆಳು. ನಮ್ಮ ಅತ್ತೆ ಮನೆಯ ಎಲೆಪೆಟ್ಟಿಗೆಗೆ ಒಮ್ಮೆ ಮಷಿನ್‌ನಲ್ಲಿ ಉಜ್ಜಿಸಿದರು. ಮುಚ್ಚಳದ ನವಿಲಿಗೆ ಈಗ ಗರಿಯೇ ಇಲ್ಲ, ಬರೀ ಬಿಳಿ ತೇಪೆ. ಇವತ್ತಿಗೂ ನೋಡಿದರೆ ಹೊಟ್ಟೆ ಉರಿಯುತ್ತದೆ.

ದಂತವೋ ಅಲ್ಲವೋ ತಿಳಿಯಲು ಒಂದು ಭೂತಗನ್ನಡಿ ಸಾಕು. ಚಿಕ್ಕ ಚಿಕ್ಕ ಕಪ್ಪು ಚುಕ್ಕೆಗಳಿದ್ದರೆ ಮೂಳೆ. ಎಳೆಯೇ ಇಲ್ಲದೆ ನುಣ್ಣಗಿದ್ದರೆ ಪ್ಲಾಸ್ಟಿಕ್ ಇರಬಹುದು. ದಂತದ ಅಡ್ಡ ಕೊಯ್ದ ಭಾಗದಲ್ಲಿ ಒಂದನ್ನೊಂದು ದಾಟುವ ಬಲೆಯಂಥ ಗೆರೆಗಳಿರುತ್ತವೆ. ಉದ್ದಕ್ಕೆ ಕೊಯ್ದ ಕಡೆ ಸಣ್ಣ ಎಳೆಗಳಷ್ಟೇ ಕಾಣುತ್ತವೆ. ಕಾದ ಸೂಜಿ ಚುಚ್ಚಿ ನೋಡುವವರೂ ಇದ್ದಾರೆ. ದಯವಿಟ್ಟು ಬೇಡ, ಆ ಕಲೆ ಹೋಗುವುದಿಲ್ಲ.

ಮೈಸೂರಿನದ್ದಾ ಅನ್ನುವುದು ಕಷ್ಟದ ಪ್ರಶ್ನೆ. ಅಂಬಾವಿಲಾಸ ಅರಮನೆಯಲ್ಲಿ ದಂತ ಕೂರಿಸಿದ ಬೀಟೆ ಬಾಗಿಲುಗಳಿವೆ, ನಿಜ. ಆದರೆ ವಿಶಾಖಪಟ್ಟಣದಲ್ಲೂ 18ನೇ ಶತಮಾನದಿಂದಲೇ ಇಂಥ ಪೀಠೋಪಕರಣ ಮಾಡುತ್ತಿದ್ದರು. ಹಾಗಾಗಿ ಮೇಜನ್ನು ತಿರುಗಿಸಿ ತಳ ನೋಡಿ. ಕೈ ಉಜ್ಜುಗೊರಡಿನ ಅಲೆಯಂಥ ಗುರುತು, ಅಂಗಡಿಯ ಹಳೇ ಚೀಟಿ ಸಿಗಬಹುದು. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಗೋಡೆಯ ಮೇಲಿನ ಮದುವೆ ಫೋಟೋಗಳ ಮೇಲೆ. ಅಜ್ಜ ಅಜ್ಜಿ ಹಿಂದೆ ಅದೇ ಮೇಜು ಕಂಡರೆ, ಮನೆಯವರು ಹೇಳುವ ಕಾಲ ಸರಿಯೋ ತಪ್ಪೋ ಗೊತ್ತಾಗುತ್ತದೆ ಅಲ್ವಾ?

ದಂತವೇ ಆಗಿದ್ದರೆ ಮಾರುವಂತಿಲ್ಲ. ಭಾರತದ ಆನೆದಂತದ ವ್ಯಾಪಾರ 1986ರಲ್ಲಿ, ಹೊರಗಿನಿಂದ ತಂದ ಆಫ್ರಿಕಾದ ದಂತದ್ದು 1991ರಲ್ಲಿ ನಿಂತಿತು. ಹಳೇದು ಅಂತ ವಿನಾಯಿತಿ ಇಲ್ಲ. ಹಿರಿಯರಿಂದ ಬಂದದ್ದಾದರೆ ಕೈಗೆ ಬಂದ 90 ದಿನದೊಳಗೆ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ತಡವಾಗಿದ್ದರೆ ಮೊದಲು ವಕೀಲರನ್ನು ಕೇಳಿ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ದಂತ ಅದರ ಜೊತೆ ಹಾಗೆ ಹಿಗ್ಗಿ ಕುಗ್ಗುವುದಿಲ್ಲ, ಅದಕ್ಕೇ ತುಂಡುಗಳು ಏಳುತ್ತವೆ. ಮೇಜನ್ನು ಒಲೆ ಇರುವ ಕಡೆ, ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ. ಬಿದ್ದ ತುಂಡನ್ನು ಕವರಿಗೆ ಹಾಕಿ, ಯಾವ ಮೂಲೆಯದ್ದು ಅಂತ ಬರೆದು ಡ್ರಾಯರ್‌ನಲ್ಲಿಡಿ.